ಬರಿಹೊಟ್ಟೆಯ ನಡಿಗೆ ಮತ್ತು ಪೂಜೆಯ ನಂತರದ ಊಟ

ಬಳ್ಳಾರಿಯ ಮುನ್ಸಿಪಲ್ ಕಾಲೇಜು ಮೈದಾನದಲ್ಲಿ ಬೆಳಗಿನ ಐದೂವರೆಗೇ ನಡೆಯಲು ಬರುವವರಲ್ಲಿ ನಮ್ಮ ಮಠದ ಸದ್ಭಕ್ತರೂ ಇದ್ದಾರೆ. ಅವರಲ್ಲಿ ಅನೇಕರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಬೊಜ್ಜು ಕರಗಬೇಕಾದರೆ ತಿಂದು ನಡೆಯಬೇಕೋ, ತಿನ್ನದೆ ನಡೆಯಬೇಕೋ? ಸ್ನಾನ ಮತ್ತು ಇಷ್ಟಲಿಂಗಪೂಜೆಗಳು ಮುಗಿಯುವವರೆಗೆ ಬಾಯಿಗೆ ಏನನ್ನೂ ಹಾಕದ ಮನೆತನಗಳು ನಮ್ಮಲ್ಲಿ ಬಹಳ. ಅಂಥವರಿಗೆ ಬೆಳಗಿನ ನಡಿಗೆಯೆಂದರೆ ಬರಿಹೊಟ್ಟೆಯ ನಡಿಗೆಯೇ. "ಇಂದಿನ ವಿಜ್ಞಾನ ಹೇಳುವುದನ್ನು ನಮ್ಮ ಹಿರಿಯರು ಎಂದೋ ಆಚರಣೆಗೆ ತಂದಿದ್ದರು" ಎಂದು ಕೆಲವರು ಹೆಮ್ಮೆಪಡುತ್ತಾರೆ. ಪೂಜೆಯ ಹಿರಿಮೆಗೆ ಇಂತಹ ಪ್ರಮಾಣಪತ್ರದ ಅಗತ್ಯವಿಲ್ಲ. ಅದಲ್ಲದೆ, ಈ ಮಾತು ವಿಜ್ಞಾನದ ದೃಷ್ಟಿಯಿಂದಲೂ ಅರ್ಧಸತ್ಯ.

ಅರ್ಧ ಸತ್ಯವೇಕೆಂದರೆ, ರಾತ್ರಿಯ ಉಪವಾಸದಿಂದ ಯಕೃತ್ತಿನಲ್ಲಿ ಸಂಗ್ರಹವಾಗಿದ್ದ ಸಕ್ಕರೆಯ ಬಹುಭಾಗ ವೆಚ್ಚವಾಗಿರುತ್ತದೆ, ಇನ್ಸುಲಿನ್ ಮಟ್ಟ ತಗ್ಗಿರುತ್ತದೆ. ಆಗ ನಡೆದರೆ ದೇಹವು ಇಂಧನಕ್ಕಾಗಿ ಕೊಬ್ಬನ್ನೇ ಹೆಚ್ಚಾಗಿ ಬಳಸುತ್ತದೆ. ಆದರೆ ದೇಹದ ಲೆಕ್ಕ ಒಂದು ಗಂಟೆಗೆ ಮುಗಿಯುವುದಿಲ್ಲ. ಬೆಳಿಗ್ಗೆ ಹೆಚ್ಚು ಕೊಬ್ಬನ್ನು ಬಳಸಿದ ದೇಹ ದಿನದ ಉಳಿದ ಹೊತ್ತಿನಲ್ಲಿ ಅದನ್ನು ಮಿತವಾಗಿ ಬಳಸಿ, ಉಂಡ ಅನ್ನದ ಸಕ್ಕರೆಯನ್ನು ಹೆಚ್ಚಾಗಿ ಖರ್ಚುಮಾಡುತ್ತದೆ. 2014ರಲ್ಲಿ ಅಮೆರಿಕದ ಸಂಶೋಧಕರು 20 ಮಂದಿ ಯುವತಿಯರನ್ನು ಎರಡು ಗುಂಪುಗಳಾಗಿಸಿ ನಾಲ್ಕು ವಾರ ಪರೀಕ್ಷಿಸಿದರು. ಒಂದು ಗುಂಪು ಬರಿಹೊಟ್ಟೆಯಲ್ಲಿ, ಇನ್ನೊಂದು ಆಹಾರ ಸೇವಿಸಿ, ವಾರಕ್ಕೆ ಮೂರು ದಿನ ಒಂದೊಂದು ಗಂಟೆ ವ್ಯಾಯಾಮ ಮಾಡಿತು. ಎರಡೂ ಗುಂಪುಗಳಿಗೆ ಅಗತ್ಯಕ್ಕಿಂತ ಕಡಿಮೆ ಕ್ಯಾಲೊರಿಯ ಆಹಾರವನ್ನೇ ಗೊತ್ತುಮಾಡಲಾಗಿತ್ತು. ಎರಡೂ ಗುಂಪುಗಳವರ ತೂಕ ಇಳಿಯಿತು, ಕೊಬ್ಬೂ ಇಳಿಯಿತು. ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಪರೀಕ್ಷೆ ಸಣ್ಣದು, ಅವಧಿಯೂ ಅಲ್ಪ, ನಿಜ. ಆದರೂ ಶರೀರಶಾಸ್ತ್ರ ಹೇಳುವುದಕ್ಕೂ ಅದಕ್ಕೂ ಹೊಂದಾಣಿಕೆಯಿದೆ.

ಹಾಗಾದರೆ ವರ್ಷವಿಡೀ ನಡೆದರೂ ಹೊಟ್ಟೆ ಇಳಿಯದಿರುವುದಕ್ಕೆ ಕಾರಣವೇನು? ಸುಮಾರು 70 ಕಿಲೋ ತೂಕದವರು ಐದು ಕಿಲೋಮೀಟರ್ ನಡೆದರೆ ವೆಚ್ಚವಾಗುವುದು ಹೆಚ್ಚುಕಡಿಮೆ 250 ಕ್ಯಾಲೊರಿ. ಮೈದಾನದಿಂದ ಹೊರಬಂದೊಡನೆ ನಮ್ಮೂರಿನ ಹೆಮ್ಮೆಯಾದ ಮಂಡಕ್ಕಿ ಒಗ್ಗರಣೆ, ಜೊತೆಗೆ ಎಣ್ಣೆಯಲ್ಲಿ ಕರಿದ ಎರಡು ಮಿರ್ಚಿ, ಮೇಲೊಂದು ಸಕ್ಕರೆಯ ಚಹಾ ಆದರೆ ನಡೆದದ್ದೆಲ್ಲ ಅಲ್ಲಿಗೆ ತೀರಿತು. ಮಿರ್ಚಿಯ ಮೇಲೆ ನನಗೆ ದ್ವೇಷವಿಲ್ಲ, ನಾನೂ ಬಳ್ಳಾರಿಯವನೇ. ಆದರೆ ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿಗಳ ಕೊರತೆಯಾಗಬೇಕು. ನಡಿಗೆಯೊಂದರಿಂದಲೇ ಅದನ್ನು ಸಾಧಿಸಹೊರಟರೆ ಒಂದು ತಿಂಗಳು ಹಿಡಿಯುತ್ತದೆ, ಅದೂ ಮಿರ್ಚಿಯಿಲ್ಲದ ತಿಂಗಳು.

ಸಿರುಗುಪ್ಪದ ಕಡೆಯ ಭಕ್ತರ ಸಂಗತಿ ಇನ್ನೊಂದು ಬಗೆಯದು. ತುಂಗಭದ್ರೆಯ ಕಾಲುವೆ ಬರುವ ಮುಂಚೆ ಈ ಸೀಮೆಯ ಮುಖ್ಯ ಆಹಾರ ಜೋಳ. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಭತ್ತ ಬಂದಿತು, ಗಂಗಾಳದಲ್ಲಿ ಅನ್ನವೂ ಬೆಳೆಯಿತು. ಅನ್ನ ಬಿಟ್ಟು ರೊಟ್ಟಿ ಹಿಡಿದರೆ ಬೊಜ್ಜು ತಾನಾಗಿ ಕರಗುತ್ತದೆಂದು ಈಗ ಅನೇಕರು ನಂಬಿದ್ದಾರೆ. ನೂರು ಗ್ರಾಂ ಅಕ್ಕಿಯಲ್ಲಿಯೂ ನೂರು ಗ್ರಾಂ ಜೋಳದಲ್ಲಿಯೂ ಇರುವುದು ಹತ್ತಿರ ಹತ್ತಿರ 350 ಕ್ಯಾಲೊರಿಯೇ. ಜೋಳದಲ್ಲಿ ನಾರು ಹೆಚ್ಚು, ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ಅದು ಅದರ ಗುಣ. ಆರು ರೊಟ್ಟಿ ತಿಂದರೆ ಆ ಗುಣ ಕೆಲಸಕ್ಕೆ ಬಾರದು. ಹಿಂದಿನ ರೈತ ಬೆಳಗಿನ ರೊಟ್ಟಿ ತಿಂದು, ಬುತ್ತಿ ಕಟ್ಟಿಕೊಂಡು, ಬಿಸಿಲೇರುವ ಮೊದಲೇ ಹೊಲದಲ್ಲಿರುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ರಾತ್ರಿಯ ಊಟವೂ ಮುಗಿಯುತ್ತಿತ್ತು. ಅವನು ಉಣ್ಣುವ ಹೊತ್ತನ್ನು ಕಾಯಕವೇ ಗೊತ್ತುಮಾಡುತ್ತಿತ್ತು. ಇಂದು ಉಳುಮೆ ಟ್ರ್ಯಾಕ್ಟರಿನದು, ಕೊಯ್ಲು ಯಂತ್ರದ್ದು. ಊಟದ ಪ್ರಮಾಣ ಮಾತ್ರ ಅಜ್ಜನ ಕಾಲದ್ದು, ಉಣ್ಣುವ ಹೊತ್ತು ಟಿವಿ ಧಾರಾವಾಹಿ ಮುಗಿದ ಮೇಲಿನದು.

ಹೊತ್ತಿಗೆ ಮಹತ್ವವಿರುವುದು ಇಲ್ಲಿ. ಬೆಳಗಿನ ನಡಿಗೆಗೆ ಮುಂಚೆ ತಿಂದೆವೋ ಇಲ್ಲವೋ ಎಂಬುದಕ್ಕಿಂತ, ರಾತ್ರಿ ಎಷ್ಟು ಹೊತ್ತಿಗೆ ಉಂಡು ಎಷ್ಟು ಬೇಗ ಮಲಗಿದೆವು ಎಂಬುದನ್ನು ನಾನು ಮೊದಲು ಕೇಳುತ್ತೇನೆ. ನ್ಯೂಜಿಲೆಂಡಿನಲ್ಲಿ ಸಕ್ಕರೆಕಾಯಿಲೆಯ 41 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೊಮ್ಮೆ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ನಂತರ ಹತ್ತು ಹತ್ತು ನಿಮಿಷ ನಡೆದಾಗ ಊಟದ ಬಳಿಕದ ಸಕ್ಕರೆಯ ಏರಿಕೆ ಸರಾಸರಿ ಶೇ. 12ರಷ್ಟು ಕಡಿಮೆಯಾಗಿತ್ತು. ರಾತ್ರಿಯೂಟದ ನಂತರ ಅದು ಶೇ. 22ರಷ್ಟು. ಇದು ಕೊಬ್ಬು ಕರಗಿದ ಲೆಕ್ಕವಲ್ಲ, ರಕ್ತದ ಸಕ್ಕರೆಯ ಲೆಕ್ಕ. ಆದರೂ ಎಂಟು ಗಂಟೆಯೊಳಗೆ ಉಂಡು ಓಣಿಯಲ್ಲಿ ಹತ್ತು ನಿಮಿಷ ಅಡ್ಡಾಡುವುದಕ್ಕೆ ಖರ್ಚೂ ಇಲ್ಲ, ಬಳ್ಳಾರಿಯ ಬೇಸಿಗೆಯಲ್ಲಿ ಬೆಳಗಿನ ನಡಿಗೆಗಿಂತ ಅದು ಕಷ್ಟವೂ ಅಲ್ಲ.

ಜಿಮ್ಮಿಗೆ ಹೋಗುವ ತರುಣರು ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಪುಡಿ ಕುಡಿಯದಿದ್ದರೆ ಶ್ರಮವೆಲ್ಲ ವ್ಯರ್ಥವೆಂದು ಆತಂಕಪಡುತ್ತಾರೆ. ದಿನವಿಡೀ ಸೇರುವ ಪ್ರೋಟೀನಿನ ಒಟ್ಟು ಮೊತ್ತವೇ ಮುಖ್ಯ. ಶೇಂಗಾ ಹಿಂಡಿ, ಮೊಳಕೆ ಮಡಕಿಕಾಳು, ಬೇಳೆ, ಮೊಸರು ನಮ್ಮ ಅಡುಗೆಮನೆಯಲ್ಲಿಯೇ ಇವೆ.

ಆದರೆ ನಾನು ಈ ಲೇಖನ ಬರೆಯಲು ಕುಳಿತದ್ದು ಬೇರೆ ಕಾರಣಕ್ಕೆ. ಕುರುಗೋಡಿನ ಹಿರಿಯ ತಾಯಿಯೊಬ್ಬರು, ಸಕ್ಕರೆಕಾಯಿಲೆಯವರು, ತೂಕ ಇಳಿಸಬೇಕೆಂದು ದಿನವೂ ನಸುಕಿನಲ್ಲಿ ದೊಡ್ಡಬಸವೇಶ್ವರನ ಗುಡಿಯವರೆಗೆ ನಡೆಯತೊಡಗಿದರು. "ಊಟಕ್ಕೆ ಮುಂಚೆ ನುಂಗಬೇಕು" ಎಂದು ವೈದ್ಯರು ಹೇಳಿದ್ದ ಮಾತ್ರೆಯನ್ನು ಎದ್ದೊಡನೆ ನುಂಗುತ್ತಿದ್ದರು. ನಡಿಗೆ, ಸ್ನಾನ, ಪೂಜೆ ಮುಗಿದು ಉಣ್ಣುವ ಹೊತ್ತಿಗೆ ಹತ್ತು ದಾಟುತ್ತಿತ್ತು. ಒಂದು ದಿನ ಪೂಜೆಯ ನಡುವೆಯೇ ಮೈ ಬೆವರಿ, ಕೈ ನಡುಗಿ, ಮಾತು ತೊದಲಿ ಒರಗಿಬಿಟ್ಟರು. ಮನೆಯವರು ಭಕ್ತಿಯ ಆವೇಶವೆಂದು ತಿಳಿದು ಕೆಲಹೊತ್ತು ಸುಮ್ಮನಿದ್ದರು. ಸೊಸೆ ಮಾತ್ರ ಅನುಮಾನಗೊಂಡು, ಅವರು ನುಂಗಬಲ್ಲರೆಂದು ಖಚಿತವಾದ ಮೇಲೆ ಸಕ್ಕರೆ ನೀರು ಕುಡಿಸಿದಳು.

ಗ್ಲಿಮೆಪಿರೈಡ್‌ನಂತಹ ಮಾತ್ರೆಗಳು ಊಟ ಬಂದರೂ ಬಾರದಿದ್ದರೂ ಇನ್ಸುಲಿನ್ ಹೊರಡಿಸುತ್ತವೆ. ಅವುಗಳ ಮೇಲೆ ಒಂದು ಗಂಟೆ ನಡೆದು, ಮತ್ತೆ ಎರಡು ಗಂಟೆ ಹಸಿದಿದ್ದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಲಕ್ಷಣ ಕಂಡೊಡನೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಪೂಜೆ ಬಿಟ್ಟು ಉಣ್ಣಿರೆಂದು ನಾನು ಹೇಳುತ್ತಿಲ್ಲ. ಕ್ರಮವನ್ನು ಬದಲಿಸಿಕೊಳ್ಳಬಹುದು: ಮೊದಲು ಸ್ನಾನ ಮತ್ತು ಪೂಜೆ, ಬಳಿಕ ಪ್ರಸಾದ, ನಡಿಗೆ ಸಂಜೆಗೆ. ಮಾತ್ರೆಯ ಹೊತ್ತನ್ನು ತಾವಾಗಿ ಬದಲಿಸದೆ, "ನಾನು ಪೂಜೆಯ ನಂತರವೇ ಉಣ್ಣುವವಳು" ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಆ ತಾಯಿ ಮೂರು ವರ್ಷಗಳ ಚಿಕಿತ್ಸೆಯಲ್ಲಿ ಒಮ್ಮೆಯೂ ಅದನ್ನು ಹೇಳಿರಲಿಲ್ಲ, ವೈದ್ಯರೂ ಕೇಳಿರಲಿಲ್ಲ. ಪ್ರಸಾದವು ಅಷ್ಟಾವರಣಗಳಲ್ಲಿ ಒಂದು, ಅದನ್ನು ಸಕಾಲದಲ್ಲಿ ಸ್ವೀಕರಿಸುವುದೂ ಆಚಾರವೇ ಎಂದು ನಾನು ಹೇಳಿದಾಗ ಅವರು ನಕ್ಕು, "ಹಂಗಾದ್ರ ಸಂಜಿಮುಂದ ಬಸವಣ್ಣನ ಗುಡಿಗೆ ಹೋಗ್ತೀನ್ರಿ" ಎಂದರು. ಈಗ ಸಂಜೆ ಐದೂವರೆಗೆ ಹೊರಡುತ್ತಾರೆ, ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು.