ಕಲ್ಲಿನೊಳಗಿನ ಗ್ಯಾಸು, ಚಿಕ್ಕಿಯ ಹದ

ಬೆಂಗಳೂರಿನ ನಮ್ಮ ಮನೆಗೆ ಪೈಪ್ ಗ್ಯಾಸ್ ಬಂದ ದಿನ ಅತ್ತೆ ಒಲೆ ಮುಂದೆ ನಿಂತು, "ಅಲ್ಲಮ್ಮಾ, ಸಿಲಿಂಡರೂ ಇಲ್ಲ, ಏನೂ ಇಲ್ಲ. ಇದು ಬರೋದಾದ್ರೂ ಎಲ್ಲಿಂದ?" ಅಂದರು. "ದಾಬೋಳದಿಂದ, ಪೈಪಲ್ಲಿ." "ದಾಬೋಳಕ್ಕೆ?" "ಹಡಗಲ್ಲಿ." ಬಿಡಬೇಕಲ್ಲ! "ಹಡಗಿಗೆ?"

ಅಲ್ಲಿಗೆ ನನ್ನ ಜ್ಞಾನ ಮುಗೀತು. ಹುಡುಕಿ ಓದಿದೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಲೂಸಿಯಾನಾದಿಂದ ಗೇಲ್ ಕಂಪನಿಯ ಗ್ಯಾಸ್ ಹೊತ್ತ ಹಡಗು ದಾಬೋಳಕ್ಕೆ ಬಂದಿತ್ತಂತೆ. ಅಮೆರಿಕದ ಗ್ಯಾಸಿನಲ್ಲಿ ಬಹುಪಾಲು ಈಗ ಶೇಲ್ ಅನ್ನೋ ಕಲ್ಲಿನದು. ನಮ್ಮ ಒಲೆಯಲ್ಲಿ ಅದರ ಪಾಲೂ ಇದ್ದೀತು.

ಶೇಲ್ ಅಂದರೆ ಹಳೇ ಸಮುದ್ರದ ತಳದ ಕೆಸರು, ಪದರ ಪದರವಾಗಿ ಗಟ್ಟಿಯಾದದ್ದು. ಅದರಲ್ಲಿ ಹೂತುಹೋದ ಪಾಚಿ, ಜೀವಿಗಳ ಉಳಿಕೆ ಭೂಮಿಯ ಬಿಸಿಗೆ ಬೆಂದು ಗ್ಯಾಸಾಗತ್ತೆ. ಹೆಚ್ಚಿನ ಗ್ಯಾಸು ಆ ಉಳಿಕೆಯ ಸೂಕ್ಷ್ಮ ರಂಧ್ರಗಳಲ್ಲೇ ಕೂತಿರತ್ತೆ. ಆದರೆ ರಂಧ್ರ ಉಳಿಯತ್ತಾ, ಗ್ಯಾಸು ಹೊರಗೆ ಬರತ್ತಾ ಅನ್ನೋದು ಸುತ್ತಲಿನ ಖನಿಜಗಳಿಗೆ ಬಿಟ್ಟದ್ದು. ಜೇಡಿ ಖನಿಜದ ತೆಳು ಹಾಳೆಗಳ ಮೇಲೂ ಗ್ಯಾಸು ಅಂಟಿಕೊಳ್ಳಬಲ್ಲದು, ನಿಜ. ನೀರಿದ್ದರೆ ಮಾತ್ರ ಆ ಜಾಗವನ್ನ ನೀರೇ ಹಿಡಿದುಬಿಡತ್ತೆ, ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಮೇಲಿನ ಭಾರಕ್ಕೆ ಜೇಡಿ ಅಮುಕಿಯೂ ಹೋಗತ್ತೆ. ಬೆಣಚು, ಅಂದರೆ ಕ್ವಾರ್ಟ್ಜ್, ಕಂಬದ ಹಾಗೆ ನಿಂತು ರಂಧ್ರ ಕಾಯತ್ತೆ.

ಟೆಕ್ಸಾಸಿನ ಬಾರ್ನೆಟ್ ಶೇಲ್‌ನಲ್ಲಿ ಈ ಸಿಲಿಕಾ ಧಾರಾಳ. ಬಹಳಷ್ಟು ಬಂದದ್ದು ಸ್ಪಂಜು, ರೇಡಿಯೋಲೇರಿಯಾ ಥರದ ಸಮುದ್ರಜೀವಿಗಳ ಅಸ್ಥಿಪಂಜರದಿಂದ, 30 ಕೋಟಿ ವರ್ಷಕ್ಕೂ ಹಿಂದೆ. ಅದಕ್ಕೇ ಆ ಕಲ್ಲು ಶೇಂಗಾ ಚಿಕ್ಕಿ ಥರ ಪಟ್ಟಂತ ಒಡೆಯತ್ತೆ. ಜೇಡಿ ಜಾಸ್ತಿಯಾದ ಕಲ್ಲು ಹೋಳಿಗೆ ಕಣಕ. ಒತ್ತಿದರೆ ಬಾಗತ್ತೆ, ಬಿರುಕು ಬಿಟ್ಟರೂ ಮತ್ತೆ ಮುಚ್ಚಿಕೊಳ್ಳತ್ತೆ.

ಬಾರ್ನೆಟ್‌ನಲ್ಲಿ ಜಾರ್ಜ್ ಮಿಚೆಲ್ ಅವರ ಕಂಪನಿ ಮೊದಲ ಬಾವಿ ಕೊರೆದದ್ದು 1981ರಲ್ಲಿ. ಹದ ಸಿಕ್ಕಿದ್ದು 1998ರ ಹೊತ್ತಿಗೆ. ಹದಿನೇಳು ವರ್ಷ! ಮೊದಲು ಮಂದವಾದ ಅಂಟುನೀರಲ್ಲಿ ಮರಳು ತೇಲಿಸಿ ಕಲ್ಲಿನೊಳಗೆ ನುಗ್ಗಿಸುತ್ತಿದ್ದರು. ಇಂಥ ಕೆಲಸಕ್ಕೆ ಬಳಸೋ ಅಂಟು ಯಾವುದು ಗೊತ್ತಾ? ನಮ್ಮ ಗೋರಿಕಾಯಿ ಬೀಜದ್ದು! ಆಮೇಲೆ ಅಂಟು ಬಿಟ್ಟು ತೆಳು ನೀರನ್ನೇ ನುಗ್ಗಿಸಿ ನೋಡಿದರು. ಗಡುಸು ಕಲ್ಲು ಬಿರಿಯಿತು, ಖರ್ಚೂ ಇಳಿಯಿತು. ನೀರಿನ ಖರ್ಚು ಮಾತ್ರ ಕೇಳಬೇಡಿ. ಈಗ ಅಡ್ಡಡ್ಡ ಕೊರೆಯುವ ಒಂದೊಂದು ಬಾವಿಗೂ ಕೋಟಿ ಲೀಟರಿಗೂ ಮೇಲೆ ಬೇಕು.

ಅತ್ತೆಗೆ ಎಲ್ಲ ಹೇಳಿದೆ. ಗೋರಿಕಾಯಿ ಮಾತಿಗೆ ನಕ್ಕರು. ನೀರಿನ ಲೆಕ್ಕ ಕೇಳಿ ಸುಮ್ಮನಾದರು. ಆವತ್ತು ನಮ್ಮ ಬೀದಿಗೆ ಟ್ಯಾಂಕರ್ ಬಂದಿರಲಿಲ್ಲ.