ಶೇ 45ಕ್ಕೂ ಸಿಗುವ ಕರಿಕೋಟು
ಪಿಯುಸಿಯಲ್ಲಿ ಐವತ್ತರ ಆಸುಪಾಸು ಅಂಕ ತೆಗೆದ ಚಂದ್ರಗುತ್ತಿಯ ಮಕ್ಕಳಿಗೆ ವಕೀಲಿಕೆಯ ದಾರಿ ತೋರಿಸುವವರು ಕಡಿಮೆ. ಇದೇ ಸೊರಬ ತಾಲ್ಲೂಕಿನ ಕುಬಟೂರಿನಿಂದ ಹೊರಟು 1990ರಲ್ಲಿ ಮುಖ್ಯಮಂತ್ರಿಯಾದ ಎಸ್. ಬಂಗಾರಪ್ಪ ಕಾನೂನು ಪದವೀಧರರಾಗಿದ್ದರೂ! ಐದು ವರ್ಷದ ಕಾನೂನು ಪದವಿಗೆ ಭಾರತೀಯ ವಕೀಲರ ಪರಿಷತ್ತು ಕೇಳುವುದು ಪಿಯುಸಿಯಲ್ಲಿ ಶೇ 45 ಮಾತ್ರ. ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟರಿಗೆ 40. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲೂ ಸೀಟು ಕೊಡಿಸುವುದು ಪಿಯುಸಿ ಅಂಕವಲ್ಲ, ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ. ಅದು ಇಂಗ್ಲಿಷಿನಲ್ಲಿರುತ್ತದೆ, ಹಳ್ಳಿ ಮಕ್ಕಳು ಎಡವುವುದು ಅಲ್ಲೇ. 2009ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಿಗೆ ಕ್ಲಾಟ್ ಬೇಡ, ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು. ಶಿವಮೊಗ್ಗದಲ್ಲೇ ಅಂಥ ಕಾಲೇಜಿದೆ. ಅಂಕ ಇನ್ನೂ ಕಡಿಮೆಯೇ? ಬಿ.ಎ. ಮುಗಿಸಿ ಮೂರು ವರ್ಷದ ಎಲ್ಎಲ್.ಬಿ.ಗೆ ಸೇರಬಹುದು, ಆಗ ಲೆಕ್ಕಕ್ಕೆ ಬರುವುದು ಪದವಿಯ ಅಂಕ.