ಗುರುತಿಟ್ಟುದು ಕೈಗೆ ಸಿಗುವ ಬಗೆ

ಸಂಗ್ರಹಿಸುವುದು ಸುಲಭ, ಸಂಗ್ರಹಿಸಿದುದನ್ನು ಬೇಕಾದ ವೇಳೆಗೆ ಒದಗಿಸಿಕೊಳ್ಳುವುದು ಕಷ್ಟ. ಉಗ್ರಾಣದಲ್ಲಿ ಬೇಳೆ ಬೆಲ್ಲಗಳು ತುಂಬಿದ್ದರೂ ಯಾವ ಡಬ್ಬಿಯಲ್ಲಿ ಯಾವುದಿದೆಯೆಂದು ತಿಳಿಯದ ಮನೆಯಲ್ಲಿ ಅಡಿಗೆ ತಡವಾಗುವುದು ಸಹಜವೇ ಸರಿ. ಕಂಪ್ಯೂಟರಿರುವ ಮನೆಗಳಲ್ಲಿ ಇಂತಹ ಇನ್ನೊಂದು ಉಗ್ರಾಣವುಂಟು. ವಿದ್ಯುತ್ತಿನ ಬಿಲ್ಲು, ಪಿಂಚಣಿಯ ಲೆಕ್ಕ, ಬ್ಯಾಂಕಿನ ಖಾತೆ, ರೈಲಿನ ಟಿಕೆಟು, ಪಂಚಾಂಗ, ಮಗಳು ಕಳುಹಿಸಿದ ಉಪ್ಪಿನಕಾಯಿಯ ವಿಧಾನ, ಇವುಗಳ ಪುಟಗಳನ್ನು ಮುಂದೆ ಬೇಕಾದೀತೆಂದು ನಾವು ಬ್ರೌಸರಿನಲ್ಲಿ ಗುರುತಿಟ್ಟುಕೊಳ್ಳುವೆವು. ಇದಕ್ಕೆ ಬುಕ್‌ಮಾರ್ಕ್ ಎಂದು ಹೆಸರು. 1993ರಲ್ಲಿ ಹೊರಬಂದ ಮೊಸಾಯಿಕ್ ಎಂಬ ಬ್ರೌಸರಿನಲ್ಲಿ ಇದನ್ನು ‘ಹಾಟ್‌ಲಿಸ್ಟ್’ ಎಂದು ಕರೆದಿದ್ದರು; ಅನಂತರ ನೆಟ್‌ಸ್ಕೇಪಿನವರು ಬುಕ್‌ಮಾರ್ಕ್ ಎಂದುದೇ ಬಳಕೆಯಲ್ಲಿ ನಿಂತಿತು. ಪುಸ್ತಕದ ನಡುವೆ ಇಡುವ ನವಿಲುಗರಿಯನ್ನು ನೆನಪಿಗೆ ತರುವ ಹೆಸರಿದು. ಆದರೆ ಒಂದು ಪುಸ್ತಕಕ್ಕೆ ಗರಿ ಒಂದೇ. ಬ್ರೌಸರಿನಲ್ಲಾದರೋ ನಾಲ್ಕಾರು ವರ್ಷ ಕಳೆಯುವಷ್ಟರಲ್ಲಿ ಗುರುತುಗಳು ಇನ್ನೂರು ಮುನ್ನೂರಾಗಿ ಬೆಳೆದಿರುವುವು.

ಪಟ್ಟಿ ಉದ್ದವಾದ ಬಳಿಕ ಆಗುವುದೇನು? ಮೌಸನ್ನು ಹಿಡಿದು ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಜಾರಿಸುತ್ತ ಹುಡುಕಬೇಕಾಗುವುದು. ವಯಸ್ಸಾದವರ ಕಣ್ಣಿಗೆ ಆ ಸಣ್ಣ ಅಕ್ಷರಗಳು ಬೇಗನೆ ನಿಲುಕವು. ಬೆರಳು ತುಸು ನಡುಗಿದರೂ ಪಕ್ಕದ ಹೆಸರನ್ನು ಒತ್ತಿದಂತಾಗುವುದು. ಹೀಗೆ ಬೇಸತ್ತವರು ಪಟ್ಟಿಯ ಗೊಡವೆಯನ್ನೇ ಬಿಟ್ಟು, ಶೋಧನೆಯ ಪುಟದಲ್ಲಿ ಬ್ಯಾಂಕಿನ ಹೆಸರನ್ನು ಬರೆದು, ಮೊದಲು ಕಂಡುದನ್ನು ಒತ್ತುವರು. ಅಪಾಯವಿರುವುದು ಇಲ್ಲಿ. ಮೊದಲು ಕಾಣುವುದು ಜಾಹೀರಾತಾಗಿರಬಹುದು. ಬ್ಯಾಂಕಿನ ವೇಷವನ್ನು ತೊಟ್ಟ ವಂಚಕರ ಪುಟವೂ ಆಗಿರಬಹುದು. ನಮ್ಮ ಪರಿಚಯದ ವೃದ್ಧರೊಬ್ಬರು, ಸರಿಯಾದ ಗುರುತು ತಮ್ಮ ಪಟ್ಟಿಯಲ್ಲಿಯೇ ಇದ್ದರೂ ಅದನ್ನು ಹುಡುಕಲಾರದೆ ಹೀಗೆ ಮಾಡಿ, ಒಂದು ತಿಂಗಳ ಪಿಂಚಣಿಯನ್ನು ಕಳೆದುಕೊಂಡರು. ಆದುದರಿಂದ ಗುರುತನ್ನು ಬೇಗನೆ ಕಾಣುವ ವಿದ್ಯೆಯನ್ನು ಗೃಹಸ್ಥರು ಧನರಕ್ಷಣೆಯ ಬಾಬಿಗೆ ಸೇರಿಸಿಕೊಳ್ಳತಕ್ಕದ್ದು.

ಹುಡುಕುವುದಕ್ಕೆ ಎರಡು ಮಾರ್ಗಗಳುಂಟು. ಅಮರಕೋಶದಲ್ಲಿ ಶಬ್ದಗಳು ಅರ್ಥವನ್ನನುಸರಿಸಿ ವರ್ಗಗಳಾಗಿ ನಿಂತಿವೆ. ಗಿಡಮರಗಳ ಹೆಸರು ಬೇಕಾದವನು ವನೌಷಧಿವರ್ಗಕ್ಕೆ ಹೋಗಬೇಕು. ಕೋಶವನ್ನು ಬಾಯಿಪಾಠ ಮಾಡಿದವನಿಗೆ ಇದು ಸುಗಮ. ಮಾಡದವನಿಗೆ ವರ್ಗವನ್ನು ಊಹಿಸುವುದೇ ತೊಡಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಾದರೋ ಶಬ್ದಗಳು ಅಕ್ಷರಕ್ರಮದಲ್ಲಿವೆ; ಮೊದಲ ಎರಡು ಮೂರು ಅಕ್ಷರಗಳು ತಿಳಿದಿದ್ದರೆ ಸಾಕು, ಶಬ್ದ ಸಿಕ್ಕುವುದು. ಬ್ರೌಸರಿನಲ್ಲಿ ಫೋಲ್ಡರುಗಳನ್ನು ಮಾಡಿ ಅವುಗಳೊಳಗೆ ಗುರುತುಗಳನ್ನು ತುಂಬುವುದು ಅಮರಸಿಂಹನ ಮಾರ್ಗ. ಕೀಲಿಮಣೆಯಿಂದ ಅಕ್ಷರ ಬರೆದು ಕರೆಯುವುದು ಕಿಟ್ಟೆಲರ ಮಾರ್ಗ. ಪಟ್ಟಿ ದೀರ್ಘವಾದಷ್ಟೂ ಎರಡನೆಯದೇ ಮೇಲೆಂಬುದು ನಮ್ಮ ಅನುಭವ.

ಇನ್ನು ಕ್ರಮವನ್ನು ಹೇಳುವೆವು. ವಿಂಡೋಸ್ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಬ್ರೌಸರನ್ನು ಬಳಸುವವರು ಕಂಟ್ರೋಲ್ ಕೀಲಿಯನ್ನು ಅದುಮಿ ಹಿಡಿದು ‘ಬಿ’ ಅಕ್ಷರವನ್ನು ಒತ್ತಲಿ. ಒಂದು ಪಕ್ಕದಲ್ಲಿ ಗುರುತುಗಳ ಪಟ್ಟಿ ತೆರೆಯುವುದು. ಅದರ ಮೇಲ್ಗಡೆಯ ಶೋಧನೆಯ ಚೌಕದಲ್ಲಿ ಬರೆಯುವ ಗೆರೆ ತಾನಾಗಿಯೇ ಬಂದು ನಿಂತಿರುವುದು. ಅಲ್ಲಿ ಹೆಸರಿನ ಮೂರು ನಾಲ್ಕು ಅಕ್ಷರಗಳನ್ನು ಬರೆದೊಡನೆ ಮುನ್ನೂರು ಹೆಸರುಗಳ ಪಟ್ಟಿ ಎರಡು ಮೂರಕ್ಕೆ ಇಳಿಯುವುದು. ಟ್ಯಾಬ್ ಕೀಲಿಯಿಂದ ಪಟ್ಟಿಗೆ ಇಳಿದು, ಬಾಣದ ಕೀಲಿಯಿಂದ ಬೇಕಾದುದರ ಮೇಲೆ ನಿಂತು, ಎಂಟರ್ ಒತ್ತಿದರೆ ಪುಟ ತೆರೆಯುವುದು. ಅಕ್ಷರವನ್ನೇ ಬರೆಯದೆ ಪಟ್ಟಿಯಲ್ಲಿ ಸಂಚರಿಸಬೇಕೆಂಬವರಿಗೆ ಹೋಮ್ ಕೀಲಿಯು ತುದಿಗೂ ಎಂಡ್ ಕೀಲಿಯು ಬುಡಕ್ಕೂ ಒಯ್ಯುವುದು. ಬಲದ ಬಾಣವು ಫೋಲ್ಡರನ್ನು ತೆರೆಯುವುದು, ಎಡದ ಬಾಣವು ಮುಚ್ಚುವುದು.

ಕ್ರೋಮ್ ಬ್ರೌಸರಿನವರು ಕಂಟ್ರೋಲ್ ಮತ್ತು ‘ಎಲ್’ ಒತ್ತಿ ವಿಳಾಸದ ಪಟ್ಟಿಗೆ ಹೋಗಲಿ. ಅಲ್ಲಿ ‘ಆ್ಯಟ್’ ಎಂಬ ಚಿಹ್ನೆಯನ್ನೂ, ಅದಕ್ಕೆ ಅಂಟಿಸಿ ಬುಕ್‌ಮಾರ್ಕ್ಸ್ ಎಂಬ ಪದವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಟ್ಯಾಬ್ ಒತ್ತಿದರೆ, ಮುಂದೆ ಬರೆದುದನ್ನು ಬ್ರೌಸರು ಗುರುತುಗಳ ನಡುವೆ ಮಾತ್ರ ಹುಡುಕುವುದು. ಫೈರ್‌ಫಾಕ್ಸಿನ ವಿಳಾಸದ ಪಟ್ಟಿಯಲ್ಲಿ ಇದೇ ಕೆಲಸಕ್ಕೆ ಒಂದು ನಕ್ಷತ್ರ ಚಿಹ್ನೆ, ಅದರ ಮುಂದೆ ತೆರಪು, ಇಷ್ಟೇ ಸಾಕು.

ಇಷ್ಟನ್ನು ಕಲಿತೂ ‘ನಮಗೆ ಸಿಕ್ಕಲಿಲ್ಲ’ ಎನ್ನುವವರಿರುವರು. ಕಾರಣವನ್ನು ವಿಚಾರಿಸಿದರೆ ದೋಷವು ನಾಮಕರಣದಲ್ಲಿ ಕಂಡುಬರುವುದು. ಪುಟವನ್ನು ಗುರುತಿಡುವಾಗ ಬ್ರೌಸರು ಆ ಪುಟದ ಶಿರೋನಾಮವನ್ನೇ ಹೆಸರಾಗಿ ಇಟ್ಟುಕೊಳ್ಳುವುದು. ಅದು ‘ಸುಸ್ವಾಗತ’ ಎಂದಿರಬಹುದು, ‘ಮುಖಪುಟ’ ಎಂದಿರಬಹುದು. ಮನೆಯಲ್ಲಿ ಪಿಂಚಣಿಯನ್ನು ‘ಸುಸ್ವಾಗತ’ ಎಂದು ಯಾರು ಕರೆಯುವರು? ಕಂಟ್ರೋಲ್ ಮತ್ತು ‘ಡಿ’ ಒತ್ತಿ ಗುರುತಿಡುವಾಗಲೇ ಹೆಸರಿನ ಚೌಕವು ಎದುರಿಗೆ ಬರುವುದಷ್ಟೆ; ಆಗಲೇ ಹಳೆಯ ಹೆಸರನ್ನು ಅಳಿಸಿ, ಮನೆಯವರು ಬಾಯಲ್ಲಿ ಆಡುವ ಹೆಸರನ್ನು ಬರೆಯಬೇಕು. ‘ಕರೆಂಟು ಬಿಲ್ಲು’, ‘ಪಿಂಚಣಿ’, ‘ಬ್ಯಾಂಕು ಅಪ್ಪ’, ‘ಬ್ಯಾಂಕು ಅಮ್ಮ’ ಎಂದಿದ್ದರೆ ಯಾರು ಹುಡುಕಿದರೂ ಸಿಕ್ಕುವುದು. ಕನ್ನಡದಲ್ಲಿ ಬರೆದ ಹೆಸರನ್ನು ಕನ್ನಡದಲ್ಲಿಯೇ ಹುಡುಕಬೇಕೆಂಬುದನ್ನು ಮರೆಯಬಾರದು. ಕನ್ನಡದ ಕೀಲಿಮಣೆಯನ್ನು ಸೇರಿಸಿಕೊಂಡಿರುವ ವಿಂಡೋಸಿನಲ್ಲಿ, ವಿಂಡೋಸ್ ಕೀಲಿಯೊಡನೆ ತೆರಪಿನ ಕೀಲಿಯನ್ನು ಒತ್ತಿ ಭಾಷೆಯನ್ನು ಬದಲಿಸಬಹುದು. ಅದು ತೊಡಕೆನಿಸಿದರೆ ಹೆಸರುಗಳನ್ನೆಲ್ಲ ಒಂದೇ ಲಿಪಿಯಲ್ಲಿ ಇಡುವುದು ಲೇಸು.

ನಿತ್ಯವೂ ಬೇಕಾಗುವ ನಾಲ್ಕೈದು ಪುಟಗಳಿಗೆ ಇದಕ್ಕಿಂತಲೂ ಹ್ರಸ್ವವಾದ ದಾರಿಯುಂಟು. ಪಾಣಿನಿಯು ‘ದಾ’, ‘ಧಾ’ ರೂಪದ ಧಾತುಗಳಿಗೆ ‘ಘು’ ಎಂಬ ಒಂದಕ್ಷರದ ಸಂಜ್ಞೆಯನ್ನು ಒಮ್ಮೆ ಇಟ್ಟು, ಆಮೇಲೆ ಅದರಿಂದಲೇ ಕಾರ್ಯ ನಡೆಯಿಸಿದನು. ಫೈರ್‌ಫಾಕ್ಸಿನಲ್ಲಿಯೂ ಇಂತಹ ಸಂಜ್ಞೆಯನ್ನು ಮಾಡಬಹುದು. ಕಂಟ್ರೋಲ್, ಶಿಫ್ಟ್, ‘ಓ’ ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಗುರುತುಗಳ ಭಂಡಾರವು ತೆರೆಯುವುದು. ಅಲ್ಲಿ ಪಿಂಚಣಿಯ ಗುರುತಿನ ಮೇಲೆ ನಿಂತು, ಕೆಳಗಿನ ಕೀವರ್ಡ್ ಎಂಬ ಚೌಕದಲ್ಲಿ ‘ಪಿ’ ಎಂಬ ಒಂದೇ ಇಂಗ್ಲಿಷ್ ಅಕ್ಷರವನ್ನು ಬರೆದಿಡಿರಿ. ಅಂದಿನಿಂದ ವಿಳಾಸದ ಪಟ್ಟಿಯಲ್ಲಿ ‘ಪಿ’ ಬರೆದು ಎಂಟರ್ ಒತ್ತಿದರೆ ಪಿಂಚಣಿಯ ಪುಟ ಎದುರಿಗೆ ನಿಲ್ಲುವುದು. ಆದರೆ ಸಂಜ್ಞೆಯು ಅದನ್ನು ಮಾಡಿದ ಶಾಸ್ತ್ರದೊಳಗೆ ಮಾತ್ರ ನಡೆಯುವುದಷ್ಟೆ. ಬೇರೆಯವರ ಕಂಪ್ಯೂಟರಿನಲ್ಲಿ ಅದೇ ಅಕ್ಷರವನ್ನು ಬರೆದರೆ ಬ್ರೌಸರು ಅದನ್ನು ಶೋಧನೆಗೆ ಕಳುಹಿಸೀತು. ಅಲ್ಲಿ ಬಂದುದನ್ನು ಬ್ಯಾಂಕೆಂದು ನಂಬಲಾಗದು.

ಕಡೆಯದಾಗಿ ಒಂದು ಮುಖ್ಯ ಮಾತು. ಗುರುತು ಬೇಗನೆ ಸಿಕ್ಕಿದರೂ ಅದು ತೋರುವ ವಿಳಾಸ ಸರಿಯಾಗಿರದಿದ್ದರೆ ಪ್ರಯೋಜನವಿಲ್ಲ. ಭಾರತೀಯ ರಿಸರ್ವ್ ಬ್ಯಾಂಕು 2025ರ ಏಪ್ರಿಲ್ ತಿಂಗಳಲ್ಲಿ ಹೊರಡಿಸಿದ ಆದೇಶದಲ್ಲಿ, ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಸಾಗಿಸಬೇಕೆಂದು ವಿಧಿಸಿತು. ವಂಚಕರ ಪುಟವನ್ನು ಜನರು ಬೇರ್ಪಡಿಸಿ ತಿಳಿಯಲೆಂಬುದೇ ಇದರ ಉದ್ದೇಶ. ವಾಚಕರು ತಮ್ಮ ಹಳೆಯ ಬ್ಯಾಂಕಿನ ಗುರುತನ್ನು ಒಮ್ಮೆ ತೆರೆದು ವಿಳಾಸವನ್ನು ಪರೀಕ್ಷಿಸಲಿ. ಸಂದೇಹ ಬಂದರೆ ಬ್ಯಾಂಕಿನ ಶಾಖೆಯಲ್ಲಿಯೇ ವಿಚಾರಿಸಿ, ಸರಿಯಾದ ವಿಳಾಸವನ್ನು ಹೊಸದಾಗಿ ಗುರುತಿಟ್ಟು ಹಳೆಯದನ್ನು ಅಳಿಸಲಿ. ವಂಚನೆಗೆ ಸಿಲುಕಿದವರು ನಾಚಿಕೆಪಟ್ಟು ಸುಮ್ಮನಿರದೆ ಆ ಕ್ಷಣವೇ 1930 ಎಂಬ ದೂರವಾಣಿ ಸಂಖ್ಯೆಗೆ ದೂರು ಕೊಡತಕ್ಕದ್ದು. ತಡವಾದಷ್ಟೂ ಹಣ ಕೈ ಬದಲಾಗಿ ದೂರ ಹೋಗುವುದು.

ತಿಂಗಳ ಜಮಾಖರ್ಚನ್ನು ಬರೆಯುವ ದಿನ ಹತ್ತು ನಿಮಿಷಗಳನ್ನು ಈ ಪಟ್ಟಿಗೂ ಮೀಸಲಿಡುವುದು ಒಳ್ಳೆಯದು. ಬೇಡವಾದುದನ್ನು ಅಳಿಸಿ, ಹತ್ತು ಹೆಸರುಗಳನ್ನು ತಿದ್ದಿದರೂ ಸಾಕು. ವರ್ಷ ತಿರುಗುವಷ್ಟರಲ್ಲಿ ಪಟ್ಟಿ ಪೂರ್ತಿಯಾಗಿ ಸರಿಹೋಗುವುದು. ಮನೆಯ ಹಿರಿಯರ ಪಕ್ಕದಲ್ಲಿ ಮಕ್ಕಳು ಕುಳಿತು, ಹಿರಿಯರು ಹೇಳಿದ ಹೆಸರನ್ನೇ ಬರೆದುಕೊಡಲಿ. ಮರುದಿನ ಆ ಹೆಸರನ್ನು ಕರೆದು ಪುಟವನ್ನು ತೆರೆಯಬೇಕಾದವರು ಅವರೇ ಅಲ್ಲವೆ?